ಎರವಲು ತಂದ ಕಥೆ, ಎರವಲು ತಂದ ಮಟ್ಟು

ಈಚಿನ ವರ್ಷಗಳಲ್ಲಿ ನಮ್ಮ ಸಾಂಸ್ಕೃತಿಕ ಚರ್ಚೆಗಳಲ್ಲಿ ಎರಡು ಮಾತುಗಳು ಪದೇ ಪದೇ ಕಿವಿಗೆ ಬೀಳುತ್ತಿವೆ. ಒಂದು, 'ಅದು ನಮ್ಮಿಂದ ಕದ್ದದ್ದು' ಎಂಬ ದೂರು. ಇನ್ನೊಂದು, 'ಅದೆಲ್ಲ ನಮ್ಮಲ್ಲಿ ಮೊದಲೇ ಇತ್ತು' ಎಂಬ ಹೆಮ್ಮೆ. ಸಿನಿಮಾ ಹಾಡೊಂದು ಹೆಸರು ಮಾಡಿದರೆ ಮೊದಲನೆಯ ಮಾತು ಹುಟ್ಟುತ್ತದೆ. ಆಕಾಶನೌಕೆಯ, ಯಂತ್ರಮಾನವನ ಕಥೆಯೊಂದು ಜನಪ್ರಿಯವಾದರೆ ಎರಡನೆಯ ಮಾತು ಹೊರಡುತ್ತದೆ. ಮೇಲ್ನೋಟಕ್ಕೆ ಇವು ಬೇರೆ ಬೇರೆಯಾಗಿ ಕಂಡರೂ ಎರಡರ ಬೇರು ಒಂದೇ. ಯಾರಿಗೂ ಋಣಿಯಾಗಿರಲು ಒಪ್ಪದ ಮನಸ್ಸು ಎರಡನ್ನೂ ಆಡಿಸುತ್ತಿದೆ.

ಈ ಲೇಖನದಲ್ಲಿ ನಾವು ವಿಜ್ಞಾನ ಕಥೆಯನ್ನೂ ಸಂಗೀತವನ್ನೂ ಒಟ್ಟಿಗೆ ಇಟ್ಟು ನೋಡಬಯಸುತ್ತೇವೆ. ಇದೆಂಥ ಜೋಡಿ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಎರಡೂ ಮತ್ತೆ ಮತ್ತೆ ಬರುವ ಕೆಲವೇ ಸಾಮಗ್ರಿಗಳಿಂದ ಕಟ್ಟಿದವು. ಹಾಡಿಗೆ ರಾಗಗಳೂ ಮಟ್ಟುಗಳೂ ಇರುವಂತೆ ವಿಜ್ಞಾನ ಕಥೆಗೆ ಕೆಲವು ಆಶಯಗಳಿವೆ: ಶತಮಾನಗಳ ನಿದ್ದೆ, ಮಾಡಿದವನ ಮೇಲೆಯೇ ತಿರುಗಿ ಬೀಳುವ ಸೃಷ್ಟಿ, ಹಿಂದಿನ ಯುಗದಿಂದ ಉಳಿದು ಬಂದ ಜೀವಿ, ಬೇರೆ ಲೋಕದ ಅತಿಥಿ. ತೋಡಿ ರಾಗ ಯಾರೊಬ್ಬರ ಆಸ್ತಿಯಲ್ಲ. ಆದರೆ ತೋಡಿಯಲ್ಲಿ ಒಬ್ಬರು ಕಟ್ಟಿದ ಹಾಡು ಅವರದು. ಕಥೆಯ ಆಶಯಕ್ಕೂ ಇದೇ ಮಾತು ಸಲ್ಲುತ್ತದೆ. ಈ ಸರಳ ಭೇದವನ್ನು ಮರೆತಾಗಲೇ ಜಗಳ ಶುರುವಾಗುವುದು.

ಎರವಲು ಎಂದರೇನೆಂದು ತಿಳಿಯಲು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೀಮೆ ತಕ್ಕ ಪಾಠಶಾಲೆ. ಘಟ್ಟದ ಮೇಲಿನ ಸರಕು ಬಂಟ್ವಾಳಕ್ಕೆ ಇಳಿದು ನೇತ್ರಾವತಿಯ ದೋಣಿ ಹತ್ತಿ ಕಡಲಿಗೆ ಹೋಗುತ್ತಿದ್ದ ಕಾಲವಿತ್ತು. ಒಂದೇ ಪೇಟೆಯಲ್ಲಿ ತುಳು, ಕನ್ನಡ, ಬ್ಯಾರಿ, ಕೊಂಕಣಿ, ಉರ್ದು ಮಾತಾಡುವ ಜನರಿದ್ದಾರೆ. ಸರಕು ಕೈ ಬದಲಾದಂತೆ ಕಥೆಗಳೂ ಧಾಟಿಗಳೂ ಕೈ ಬದಲಾಗಿವೆ.

ಕಲ್ಲಿನಲ್ಲಿ ನಿಂತ ಪರಲೋಕದ ಪ್ರಾಣಿ

ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರಲ್ಲಿ ಕಟ್ಟಿದ್ದು. ಅದರ ಭೈರಾದೇವಿ ಮಂಟಪದ ತಳಪಾಯದ ಕಲ್ಲಿನಲ್ಲಿ ಒಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ ಕೂಡ ಇದೆ. ಆಫ್ರಿಕದ ಹುಲ್ಲುಗಾವಲಿನ ಪ್ರಾಣಿ, ಚೀನಾದ ಕಲ್ಪನೆಯ ಪ್ರಾಣಿ, ಎರಡೂ ತುಳುನಾಡಿನ ಜೈನ ಬಸದಿಯಲ್ಲಿ! ಕರಾವಳಿಯ ಕಡಲ ವ್ಯಾಪಾರದ ನೆನಪು ಇದು ಎಂದು ಬಲ್ಲವರು ಹೇಳುತ್ತಾರೆ. ಅದೇ ಶತಮಾನದಲ್ಲಿ, 1414ರಲ್ಲಿ, ಬಂಗಾಳದ ಸುಲ್ತಾನ ಚೀನಾದ ಚಕ್ರವರ್ತಿಗೆ ಜಿರಾಫೆಯೊಂದನ್ನು ಕಾಣಿಕೆಯಾಗಿ ಕಳಿಸಿದ್ದ. ಚೀನಾದ ಮುಸ್ಲಿಂ ನೌಕಾಧಿಪತಿ ಝೆಂಗ್ ಹೆಯ ಹಡಗುಗಳು ಕಲ್ಲಿಕೋಟೆಗೆ ಬಂದು ಹೋಗುತ್ತಿದ್ದದ್ದೂ ಆಗಲೇ. ಚೀನೀಯರು ಜಿರಾಫೆಯನ್ನು ಕಂಡು ಇದು ನಮ್ಮ ಪುರಾಣದ 'ಕಿಲಿನ್' ಎಂಬ ಶುಭಪ್ರಾಣಿ ಎಂದುಕೊಂಡರು.

ವಿಜ್ಞಾನ ಕಥೆ ಮಾಡುವ ಕೆಲಸವೂ ಇದೇ ಅಲ್ಲವೇ? ಕಾಣದ್ದನ್ನು ಕಂಡದ್ದರ ಮೂಲಕ ಹಿಡಿಯುವುದು, ಅಪರಿಚಿತನಿಗೆ ನಮ್ಮ ಜಗಲಿಯಲ್ಲಿ ಜಾಗ ಕೊಡುವುದು. ಮೂಡುಬಿದಿರೆಯ ಶಿಲ್ಪಿ ಜಿರಾಫೆ ನಮ್ಮದೇ ಎನ್ನಲಿಲ್ಲ, ಪರಕೀಯವೆಂದು ತಳ್ಳಲೂ ಇಲ್ಲ. ಆನೆ, ಕುದುರೆಗಳ ಸಾಲಿನ ಲೋಕಕ್ಕೆ ಅದನ್ನೂ ಸೇರಿಸಿದ. ಆರು ಶತಮಾನಗಳಾಗುತ್ತ ಬಂದರೂ ಅದರಿಂದ ಬಸದಿಗೆ ಕುಂದು ಬಂದಿಲ್ಲ.

ಒಂದು ನಿದ್ದೆ, ನಾಲ್ಕು ಪ್ರಶ್ನೆ

ಕಾಲವನ್ನು ದಾಟುವ ಆಶಯವನ್ನೇ ತೆಗೆದುಕೊಳ್ಳೋಣ. ಪಾಣೆಮಂಗಳೂರಿನ ಮದ್ರಸದ ಮಗುವಿಗೂ ಗುಹಾವಾಸಿಗಳ ವೃತ್ತಾಂತ ಗೊತ್ತು. ಶುಕ್ರವಾರ ನಮ್ಮ ಮನೆಗಳಲ್ಲಿ ಓದುವ ಅಲ್‌ಕಹ್ಫ್ ಅಧ್ಯಾಯದಲ್ಲಿ ಆ ಯುವಕರು ಮುನ್ನೂರಕ್ಕೆ ಒಂಬತ್ತು ಸೇರಿಸಿದಷ್ಟು ವರ್ಷ ಗುಹೆಯಲ್ಲಿ ಮಲಗಿದ್ದರೆಂದಿದೆ. ಎದ್ದ ಮೇಲೆ ಅವರು ಒಬ್ಬನ ಕೈಯಲ್ಲಿ ಬೆಳ್ಳಿ ನಾಣ್ಯ ಕೊಟ್ಟು ಊಟ ತರಲು ಪಟ್ಟಣಕ್ಕೆ ಕಳಿಸುತ್ತಾರೆ. ಕ್ರೈಸ್ತರಲ್ಲಿ ಇದು ಎಫೆಸಸ್‌ನ ಏಳು ಮಂದಿ ನಿದ್ರಿತರ ಕಥೆಯಾಗಿ ಪ್ರಸಿದ್ಧ. ಭಾಗವತದಲ್ಲಿ ರೈವತ ರಾಜ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ಗಂಧರ್ವರ ಗಾನ ನಡೆಯುತ್ತಿದ್ದುದರಿಂದ ಸ್ವಲ್ಪ ಹೊತ್ತು ಕಾಯುತ್ತಾನೆ. ಅಷ್ಟರಲ್ಲಿ ಭೂಮಿಯಲ್ಲಿ ಇಪ್ಪತ್ತೇಳು ಚತುರ್ಯುಗಗಳು ಕಳೆದು, ಅವನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರೂ ಅವರ ಮೊಮ್ಮಕ್ಕಳೂ ಇಲ್ಲವಾಗಿರುತ್ತಾರೆ. ಒಂದು ಹಾಡು ಕೇಳುವಷ್ಟರಲ್ಲಿ ಯುಗಗಳು ಸರಿದವೆನ್ನುವ ಈ ಕಥೆ ಸಂಗೀತದ ಕಥೆಯೂ ಹೌದು, ಕಾಲದ ಕಥೆಯೂ ಹೌದು.

1819ರಲ್ಲಿ ಅಮೆರಿಕದ ವಾಷಿಂಗ್ಟನ್ ಇರ್ವಿಂಗ್ ಬರೆದ ಕಥೆಯಲ್ಲಿ ರಿಪ್ ವಾನ್ ವಿಂಕಲ್ ಇಪ್ಪತ್ತು ವರ್ಷ ಮಲಗುತ್ತಾನೆ. ಎದ್ದು ಬಂದಾಗ ಊರಿನ ಹೋಟೆಲಿನ ಫಲಕದಲ್ಲಿ ದೊರೆ ಜಾರ್ಜನ ಚಿತ್ರದ ಬದಲು ಜಾರ್ಜ್ ವಾಷಿಂಗ್ಟನ್ನನ ಚಿತ್ರವಿರುತ್ತದೆ. 1899ರಲ್ಲಿ ಎಚ್. ಜಿ. ವೆಲ್ಸ್ ಇದೇ ಆಶಯವನ್ನು ವಿಜ್ಞಾನ ಕಾದಂಬರಿಗೆ ತಂದ. ಅವನ ನಾಯಕ ಎರಡು ಶತಮಾನ ಮಲಗಿ ಎದ್ದಾಗ ಅವನ ಹಣ ಬೆಳೆಯುತ್ತ ಬೆಳೆಯುತ್ತ ಅವನೇ ಜಗತ್ತಿನ ಒಡೆಯನಾಗಿರುತ್ತಾನೆ, ದುಡಿಯುವ ಜನ ಮಾತ್ರ ನೆಲದಡಿಯಲ್ಲಿ ಗುಲಾಮರಾಗಿರುತ್ತಾರೆ. ಮಲಗಿದವನ ಹಣ ದುಡಿಯುವವರನ್ನು ನುಂಗುವ ಈ ಕಥೆ, ಬಡ್ಡಿಯ ಬಗ್ಗೆ ನೂರು ಉಪನ್ಯಾಸ ಕೇಳಿದವರಿಗೂ ಹೊಸದಾಗಿ ಏನನ್ನೋ ಹೇಳುತ್ತದೆ. 1933ರಲ್ಲಿ ಈಜಿಪ್ಟಿನ ತೌಫೀಕ್ ಅಲ್‌ಹಕೀಂ ಗುಹಾವಾಸಿಗಳ ಬಗ್ಗೆಯೇ ನಾಟಕ ಪ್ರಕಟಿಸಿ, ತನ್ನ ಕಾಲ ಕಳೆದುಕೊಂಡ ಮನುಷ್ಯ ಇನ್ನೊಂದು ಕಾಲದಲ್ಲಿ ಬದುಕಬಲ್ಲನೇ ಎಂದು ಕೇಳಿದ.

ಧರ್ಮಗ್ರಂಥಗಳ ವೃತ್ತಾಂತವನ್ನು ನಾವು ವಿಜ್ಞಾನ ಕಥೆ ಎನ್ನುತ್ತಿಲ್ಲ. ನಂಬುವವರಿಗೆ ಅವುಗಳ ಸ್ಥಾನ ಬೇರೆಯೇ. ನಾವು ಹೇಳುವುದು ಇಷ್ಟು: ನಿದ್ದೆ ಒಂದೇ ಆದರೂ ಪ್ರಶ್ನೆ ಒಂದೇ ಅಲ್ಲ. ಒಂದು ಕಡೆ ಮರಣಾನಂತರದ ಎದ್ದೇಳುವಿಕೆಯ ದೃಷ್ಟಾಂತ, ಇನ್ನೊಂದು ಕಡೆ ಮನುಷ್ಯನ ಲೆಕ್ಕಾಚಾರದ ಅಲ್ಪತನ, ಮತ್ತೊಂದು ಕಡೆ ರಾಜ್ಯ ಬದಲಾದರೂ ಬದಲಾಗದ ಸಾಮಾನ್ಯ ಮನುಷ್ಯ, ಮಗದೊಂದು ಕಡೆ ಬಂಡವಾಳದ ದರ್ಬಾರು. ರಾಗ ಅದೇ, ಹಾಡು ಬೇರೆ. ಇವುಗಳಲ್ಲಿ ಯಾವುದನ್ನೂ ಕಳವು ಎನ್ನಲಾಗದು.

'ಮೊದಲೇ ಇತ್ತು' ಎಂಬ ರೋಗ

ಆದರೆ ರೈವತನ ಕಥೆಯನ್ನು ಹಿಡಿದು 'ಐನ್‌ಸ್ಟೈನ್ ಹೇಳಿದ್ದು ನಮ್ಮಲ್ಲಿ ಮೊದಲೇ ಇತ್ತು' ಎಂದು ವೇದಿಕೆಯಲ್ಲಿ ಭಾಷಣ ಮಾಡುವವರಿದ್ದಾರೆ. ಕರ್ನಾಟಕಕ್ಕೆ ಈ ರೋಗದ ಒಂದು ಪ್ರಸಿದ್ಧ ಉದಾಹರಣೆಯಿದೆ. 'ವೈಮಾನಿಕ ಶಾಸ್ತ್ರ' ಎಂಬ ಸಂಸ್ಕೃತ ಗ್ರಂಥ ಭರದ್ವಾಜ ಋಷಿಯದೆಂದು ಪ್ರಚಾರವಾಯಿತು. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು 20ನೇ ಶತಮಾನದ ಆರಂಭದಲ್ಲಿ ಹೇಳಿ ಬರೆಸಿದ ಪಠ್ಯ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಸಂಶೋಧಕರು 1974ರಲ್ಲಿ ಅದನ್ನು ಕೂಲಂಕಷವಾಗಿ ಪರಿಶೀಲಿಸಿದರು. ಪಠ್ಯ 1904ಕ್ಕಿಂತ ಹಳೆಯದಲ್ಲ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವು ಎಂಬ ತೀರ್ಮಾನಕ್ಕೆ ಬಂದರು. ಅದನ್ನು ಒಂದು ಕಲ್ಪನೆಯ ಕೃತಿಯಾಗಿ ಓದಿದ್ದರೆ ಕರ್ನಾಟಕದ ಆರಂಭದ ವಿಜ್ಞಾನ ಕಲ್ಪನೆಗಳಲ್ಲಿ ಒಂದೆಂದು ಸಂತೋಷಪಡಬಹುದಿತ್ತು. ಇತಿಹಾಸವೆಂದು ಸಾಧಿಸಲು ಹೋದದ್ದರಿಂದ ಅದು ಇತಿಹಾಸವೂ ಆಗಲಿಲ್ಲ, ಕಥೆಯೂ ಆಗಲಿಲ್ಲ.

ನಮ್ಮ ಮನೆಯಂಗಳವನ್ನೂ ಗುಡಿಸಿಕೊಳ್ಳೋಣ. ಪರಮಾಣುವಿನಿಂದ ಹಿಡಿದು ಮಹಾಸ್ಫೋಟದವರೆಗೆ ಎಲ್ಲವೂ ನಮ್ಮ ಗ್ರಂಥದಲ್ಲಿ ಇತ್ತೆಂದು ಹೇಳುವ ಕಿರುಪುಸ್ತಕಗಳು ನಮ್ಮ ಸಭೆಗಳ ಬಾಗಿಲಲ್ಲಿ ರಾಶಿ ಬಿದ್ದಿರುತ್ತವೆ. ಬೇರೆಯವರು ಕಂಡುಹಿಡಿದ ಮೇಲೆ ನಮ್ಮಲ್ಲಿ ಹುಡುಕುವ ಈ ಅಭ್ಯಾಸ ದೇವವಾಣಿಯ ಘನತೆಯನ್ನು ಹೆಚ್ಚಿಸುವುದಿಲ್ಲ. ಅದನ್ನು ನಾಳೆ ಬದಲಾಗಬಹುದಾದ ಸಿದ್ಧಾಂತವೊಂದರ ಬಾಲಕ್ಕೆ ಕಟ್ಟುತ್ತದೆ. ಹೆಮ್ಮೆಪಡಲು ನಮ್ಮಲ್ಲಿ ನಿಜವಾದ ವಿಷಯಗಳಿಗೆ ಬರವಿಲ್ಲ. 12ನೇ ಶತಮಾನದ ಅಂದಲೂಸಿಯದ ಇಬ್ನ್ ತುಫೈಲ್, ನಿರ್ಜನ ದ್ವೀಪದಲ್ಲಿ ಒಂಟಿಯಾಗಿ ಬೆಳೆದು ಬುದ್ಧಿಬಲದಿಂದಲೇ ಸತ್ಯದ ಕಡೆ ನಡೆಯುವ ಹಯ್ಯ್ ಎಂಬವನ ಕಥೆ ಬರೆದರು. ಅದು 1671ರಲ್ಲಿ ಲ್ಯಾಟಿನ್‌ಗೂ 1708ರಲ್ಲಿ ಅರಬಿಯಿಂದ ನೇರವಾಗಿ ಇಂಗ್ಲಿಷಿಗೂ ಬಂತು. ದ್ವೀಪವಾಸಿ ರಾಬಿನ್ಸನ್ ಕ್ರೂಸೋನ ಕಥೆ ಪ್ರಕಟವಾದದ್ದು 1719ರಲ್ಲಿ. ಋಣ ಎಷ್ಟೆಂದು ವಿದ್ವಾಂಸರು ಚರ್ಚಿಸಲಿ. ಆದರೆ ಇಬ್ನ್ ತುಫೈಲರನ್ನು ಹೊಗಳುವ ನಮ್ಮಲ್ಲಿ ಎಷ್ಟು ಮಂದಿ ಅವರಂತೆ ಒಂದು ಹೊಸ ಕಥೆ ಬರೆಯಲು ಕೂತಿದ್ದಾರೆ?

ಎರವಲು ತಂದು ತಮ್ಮ ಪ್ರಶ್ನೆ ಸೇರಿಸಿದವರು

ಹಾಗೆ ಬರೆದವರು ಇಲ್ಲದಿಲ್ಲ. 1905ರಲ್ಲಿ ಬಂಗಾಳದ ರುಕಿಯಾ ಸಖಾವತ್ ಹುಸೇನ್ ಇಂಗ್ಲಿಷಿನಲ್ಲಿ ಬರೆದ 'ಸುಲ್ತಾನಾಸ್ ಡ್ರೀಮ್' ಕಥೆ ಮದರಾಸಿನ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಕನಸಿನ ರಾಜ್ಯ ಎಂಬ ಆಶಯ ಹಳೆಯದು. ರುಕಿಯಾ ಅದರೊಳಗೆ ತನ್ನ ಮನೆಯ ಪ್ರಶ್ನೆಯನ್ನಿಟ್ಟರು. ಆ ರಾಜ್ಯದಲ್ಲಿ ಹೆಂಗಸರು ಸೂರ್ಯನ ಶಾಖವನ್ನು ಹಿಡಿದಿಟ್ಟು ಬಳಸುತ್ತಾರೆ, ಆಕಾಶದಲ್ಲಿ ವಾಹನ ಓಡಿಸುತ್ತಾರೆ. ಗಂಡಸರು ಒಳಮನೆಯಲ್ಲಿ ಪರದೆಯ ಹಿಂದೆ ಇರುತ್ತಾರೆ. ಜನಾನಾವನ್ನು ಮರ್ದಾನಾ ಮಾಡಿದ ಆ ಒಂದು ತಿರುವಿನಿಂದ ಕಥೆ ಪೂರ್ತಿ ಅವರದೇ ಆಯಿತು. 1911ರಲ್ಲಿ ಅವರು ಕಲ್ಕತ್ತದಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸತೊಡಗಿದರೆಂಬುದನ್ನು ನೆನೆದರೆ ಆ ಕನಸು ಎಷ್ಟು ಎಚ್ಚರದ ಕನಸೆಂದು ತಿಳಿಯುತ್ತದೆ.

ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಇದೆ. ಚಾರ್ಮಾಡಿ ಘಾಟಿ ಹತ್ತಿದರೆ ಸಿಗುವ ಮೂಡಿಗೆರೆಯ ಲೋಕ ಅದು. ಬೆಳ್ತಂಗಡಿಯವರಿಗೆ ನೆರೆಮನೆ. ಕೋಟ್ಯಂತರ ವರ್ಷಗಳ ಹಿಂದಿನ ಜೀವಿಯೊಂದನ್ನು ಹುಡುಕುತ್ತ ವಿಜ್ಞಾನಿಯೊಬ್ಬ ಕಾಡು ಹೊಕ್ಕುವ ಆಶಯ ಪಶ್ಚಿಮದಲ್ಲಿ ಹಳೆಯದು. ಕಾನನ್ ಡಾಯಲ್ 1912ರಲ್ಲೇ 'ದಿ ಲಾಸ್ಟ್ ವರ್ಲ್ಡ್'ನಲ್ಲಿ ಅದನ್ನು ಬರೆದಿದ್ದಾನೆ. ಅಲ್ಲಿ ಪ್ರೊಫೆಸರ್ ಚಾಲೆಂಜರ್ ಹಾರುವ ಪುರಾತನ ಪ್ರಾಣಿಯನ್ನು ಲಂಡನ್ನಿನ ಸಭೆಗೆ ತಂದು ತೋರಿಸಿ ಗೆಲ್ಲುತ್ತಾನೆ. ಪ್ರಾಣಿ ಕಿಟಕಿಯಿಂದ ಹಾರಿಹೋದರೂ ಗೆಲುವು ಅವನದೇ. 'ಕರ್ವಾಲೊ'ದ ಹಾರುವ ಓತಿ ಕೈಗೆ ಸಿಗದೆ ಕಣಿವೆಯ ಮೇಲೆ ತೇಲಿಹೋಗುತ್ತದೆ. ನೋಡುತ್ತ ನಿಂತವರ ಕೈಯಲ್ಲಿ ಗೆಲುವಿಲ್ಲ, ಬೆರಗಿದೆ. ಇನ್ನೂ ಮುಖ್ಯವಾದ ವ್ಯತ್ಯಾಸವೆಂದರೆ ಇಲ್ಲಿ ವಿಜ್ಞಾನಿ ಜೇನು ಹಿಡಿಯುವ ಮಂದಣ್ಣನಿಂದ ಕಲಿಯುತ್ತಾನೆ. ಊರವರೆಲ್ಲ ಕೆಲಸಕ್ಕೆ ಬಾರದವನೆಂದು ತೀರ್ಮಾನಿಸಿದ ಹುಡುಗನಲ್ಲಿ ಕರ್ವಾಲೊ ಒಬ್ಬ ಪ್ರಕೃತಿ ವಿಜ್ಞಾನಿಯನ್ನು ಕಾಣುತ್ತಾನೆ. ಜ್ಞಾನದ ಋಣ ಯಾರಿಗೆ ಸಲ್ಲಬೇಕೆಂಬ ಪ್ರಶ್ನೆಯನ್ನೇ ತೇಜಸ್ವಿ ಆ ಆಶಯಕ್ಕೆ ಸೇರಿಸಿದರು. ಹಾರುವ ಓತಿಗಳು ಇಂದಿಗೂ ಘಟ್ಟದ ಬುಡದ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುತ್ತವೆ. ನೋಡುವ ಕಣ್ಣು ಬೇಕಿತ್ತು ಅಷ್ಟೆ.

ನಮ್ಮ ಯಕ್ಷಗಾನವಂತೂ ಎರವಲಿನ ವ್ಯಾಕರಣವನ್ನೇ ರೂಢಿಸಿಕೊಂಡಿರುವ ಕಲೆ. ಪ್ರಸಂಗದ ಕಥೆ ಪುರಾಣದ್ದು, ಪದ್ಯ ಕವಿಯದು, ಮಟ್ಟು ಪರಂಪರೆಯದು, ಅರ್ಥ ಮಾತ್ರ ಆ ರಾತ್ರಿ ಆ ಕಲಾವಿದನದು. 'ಭಸ್ಮಾಸುರ ಮೋಹಿನಿ'ಯನ್ನು ನೋಡಿದವರಿಗೆ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' (1818) ಅಪರಿಚಿತವಾಗದು. ಕೊಟ್ಟ ವರ ಕೊಟ್ಟವನ ತಲೆಯ ಮೇಲೆಯೇ ಕೈಯಿಡಲು ಬರುತ್ತದೆ. 1920ರಲ್ಲಿ ಚೆಕ್ ಲೇಖಕ ಕಾರೆಲ್ ಚಾಪೆಕ್ ತನ್ನ ನಾಟಕದಲ್ಲಿ ಇದೇ ಆಶಯಕ್ಕೆ 'ರೋಬೋಟ್' ಎಂಬ ಹೆಸರು ಕೊಟ್ಟ. ಅವನ ಭಾಷೆಯಲ್ಲಿ ಆ ಪದದ ಮೂಲ ಅರ್ಥ ಬಿಟ್ಟಿ ಚಾಕರಿ. ಒಡೆಯನ ಮನೆಯ ಬಿಟ್ಟಿ ಚಾಕರಿ ಎಂದರೇನೆಂಬುದನ್ನು ಭೂಸುಧಾರಣೆಗೆ ಮುಂಚಿನ ದಕ್ಷಿಣ ಕನ್ನಡದ ಗೇಣಿದಾರರ ಮಕ್ಕಳಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ಅಂಥ ಮನೆಯೊಂದರಿಂದ ಒಬ್ಬ ಹುಡುಗ ಅಥವಾ ಹುಡುಗಿ ಯಂತ್ರಮಾನವನ ಕಥೆ ಬರೆದರೆ ಅದು ಹಾಲಿವುಡ್ಡಿನ ನಕಲಾಗಲಾರದು.

ನಕಲು ಎಂಬುದೇ ಇಲ್ಲವೆಂದು ಇದರ ಅರ್ಥವಲ್ಲ. 1970-80ರ ದಶಕಗಳ ಟೆಂಟ್ ಮೇಳಗಳ ಕೆಲವು ತುಳು ಪ್ರಸಂಗಗಳ ಬಗ್ಗೆ 'ಇವು ಕಿರೀಟ ತೊಟ್ಟ ಸಿನಿಮಾ ಕಥೆಗಳು' ಎಂಬ ಟೀಕೆ ಬಂದದ್ದು ಸುಮ್ಮನೆ ಅಲ್ಲ. ಕಥೆ ಬೇರೆಡೆಯಿಂದ ಬಂತೆಂಬುದು ಅಲ್ಲಿನ ದೋಷವಲ್ಲ. ಬಂದ ಕಥೆಗೆ ಈ ಮಣ್ಣಿನ ಒಂದು ಪ್ರಶ್ನೆಯೂ ಸೇರದೆ ಹೋದಾಗ ದೋಷವಾಯಿತು. ಸೇರಿದಾಗ ಅದೇ ತುಳು ಪ್ರಸಂಗ ಜನರ ಬದುಕಿನ ಭಾಗವಾಯಿತು.

ಪದ ಬೇಕು, ಜನ ಬೇಡ

ಎರವಲಿನ ಇನ್ನೊಂದು ದೋಷ ಹೆಚ್ಚು ಸೂಕ್ಷ್ಮ. ಫ್ರಾಂಕ್ ಹರ್ಬರ್ಟನ 'ಡ್ಯೂನ್' (1965) ಇಂಗ್ಲಿಷಿನ ಅತಿ ಪ್ರಸಿದ್ಧ ವಿಜ್ಞಾನ ಕಾದಂಬರಿಗಳಲ್ಲೊಂದು. ಮರಳುಗಾಡಿನ ಗ್ರಹ, ಅಲ್ಲಿನ ಅಮೂಲ್ಯ ಸಂಬಾರ, ಅದಕ್ಕಾಗಿ ಸಾಮ್ರಾಜ್ಯಗಳ ಕಚ್ಚಾಟ. ಎಣ್ಣೆಯ ರಾಜಕೀಯ ಬಲ್ಲವರಿಗೆ ಕಥೆಯ ಒಳಗುಟ್ಟು ತಿಳಿಯುತ್ತದೆ. ಮಹ್ದಿ, ಜಿಹಾದ್, ಲಿಸಾನುಲ್ ಗೈಬ್ ಮುಂತಾದ ಪದಗಳು ಅದರ ತುಂಬ ಇವೆ. ಕಾಕಸಸ್‌ನ ಇಮಾಂ ಶಮೀಲರ ಹೋರಾಟದ ಬಗ್ಗೆ ಬಂದ ಪುಸ್ತಕವೊಂದರಿಂದಲೂ ಹರ್ಬರ್ಟ್ ಸಾಕಷ್ಟು ತೆಗೆದುಕೊಂಡಿದ್ದಾನೆ. ಆದರೂ ಕಾದಂಬರಿಯಲ್ಲಿ ಈ ಪರಂಪರೆಗೆ ಒಂದು ತೂಕವಿದೆ. ಮನುಷ್ಯ ಇಪ್ಪತ್ತು ಸಾವಿರ ವರ್ಷಗಳ ಆಚೆಗೆ ಹೋದರೂ ಇಸ್ಲಾಮಿನ ನೆನಪನ್ನು ಹೊತ್ತುಕೊಂಡೇ ಹೋಗುತ್ತಾನೆಂಬ ಕಲ್ಪನೆ ಅದು.

2021ರಲ್ಲಿ ಅದು ದೊಡ್ಡ ಸಿನಿಮಾ ಆಗಿ ಬಂದಾಗ 'ಜಿಹಾದ್' ಎಂಬ ಪದದ ಜಾಗಕ್ಕೆ 'ಪವಿತ್ರ ಯುದ್ಧ' ಎಂಬರ್ಥದ ಇಂಗ್ಲಿಷ್ ಪದ ಬಂತು. ಮರಳುಗಾಡಿನ ಜನರ ಮುಖ್ಯ ಪಾತ್ರಗಳಲ್ಲಿ ಅರಬ್ ಕಲಾವಿದರಿಗೆ ಜಾಗ ಸಿಗಲಿಲ್ಲವೆಂಬ ಟೀಕೆ ಬಂತು. ಆ ಸಿನಿಮಾದ ಸಂಗೀತಕ್ಕೆ ಹಾನ್ಸ್ ಜಿಮ್ಮರ್ 2022ರಲ್ಲಿ ಆಸ್ಕರ್ ಪಡೆದರು. ಕಸುಬುಗಾರಿಕೆ ದೊಡ್ಡದೇ. ಆದರೆ ಮರಳು ಕಂಡ ಕೂಡಲೇ ಹೆಣ್ಣಿನ ದನಿಯೊಂದು ಶೋಕದ ಆಲಾಪ ಎತ್ತುವ ಹಾಲಿವುಡ್ಡಿನ ಹಳೆಯ ಚಾಳಿ ಅಲ್ಲೂ ಬಿಟ್ಟಿಲ್ಲ. ಧಾಟಿ ಬೇಕು, ಮರಳು ಬೇಕು, ನಿಲುವಂಗಿ ಬೇಕು. ಆ ಜನ ಮಾತ್ರ ತಮ್ಮ ಹೆಸರಿನೊಂದಿಗೆ ಒಳಗೆ ಬರಬಾರದು. ಕೊಟ್ಟವರ ಮುಖವನ್ನೇ ಅಳಿಸುವ ಎರವಲು ಇದು.

ಮಟ್ಟುಗಳ ಸಂಚಾರ

ಇನ್ನು ಹಾಡಿಗೆ ಬರೋಣ. ವಾದ್ಯಗಳ ಬಗ್ಗೆ ನಮ್ಮ ಸಮುದ���ಯದಲ್ಲಿ ಭಿನ್ನ ಅಭಿಪ್ರಾಯಗಳಿವೆ. ಆ ಚರ್ಚೆ ಇಲ್ಲಿಯದಲ್ಲ. ಬಂಟ್ವಾಳದ ಭಜನಾ ಮಂದಿರದಲ್ಲೂ ಖವ್ವಾಲಿಯ ಚಾಪೆಯ ಮೇಲೂ ಕಾಣುವ ಹಾರ್ಮೋನಿಯಂ 1840ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ರೂಪ ಪಡೆದದ್ದು. ಅದು ಪರಕೀಯ, ನಮ್ಮ ಗಮಕ ಅದರಲ್ಲಿ ಬಾರದು ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದಕ್ಕೆ ನಿಷೇಧ ಹೇರಿತ್ತು. ಜನ ಮಾತ್ರ ಬಿಡಲಿಲ್ಲ. ಮುತ್ತುಸ್ವಾಮಿ ದೀಕ್ಷಿತರು ಬ್ರಿಟಿಷರ ಬ್ಯಾಂಡಿನ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಹೊಂದಿಸಿದರು. ಅವುಗಳಲ್ಲಿ ಒಂದು ಇಂಗ್ಲೆಂಡಿನ ರಾಜಗೀತೆಯ ಧಾಟಿಯಲ್ಲೇ ಇದೆ. ಆ ಕೃತಿಗಳಿಗೆ ಬಿದ್ದ ಹೆಸರು 'ನೊಟ್ಟುಸ್ವರ'. ಇಂಗ್ಲಿಷ್ 'ನೋಟ್' ಆ ಹೆಸರಿನಲ್ಲೇ ಕೂತಿದೆ. ಋಣ ಮುಚ್ಚಿಡುವ ಪ್ರಶ್ನೆಯೇ ಇಲ್ಲ.

ವಿಜ್ಞಾನ ಕಥೆಯೂ ಸಂಗೀತವೂ ಒಂದೇ ಕಡೆ ಸೇರುವ ಒಂದು ಸರಪಳಿ ನೋಡಿ. ಪ್ರಾಚೀನ ಪಾರಸಿಕ ಪ್ರವಾದಿ ಜರತುಷ್ಟ್ರನ ಹೆಸರನ್ನು ಜರ್ಮನ್ ತತ್ವಜ್ಞಾನಿ ನೀತ್ಸೆ 1880ರ ದಶಕದಲ್ಲಿ ತನ್ನ ಪುಸ್ತಕಕ್ಕೆ ತೆಗೆದುಕೊಂಡ. ಆ ಪುಸ್ತಕದ ಹೆಸರಿನಲ್ಲಿ 1896ರಲ್ಲಿ ರಿಚರ್ಡ್ ಸ್ಟ್ರಾಸ್ ವಾದ್ಯಸಂಗೀತ ರಚಿಸಿದ. ಅದರ ಆರಂಭವನ್ನು 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ '2001: ಎ ಸ್ಪೇಸ್ ಒಡಿಸ್ಸಿ' ಎಂಬ ಸಿನಿಮಾದ ಸೂರ್ಯೋದಯಕ್ಕೆ ಇಟ್ಟ. ಇವತ್ತು ಜಾಹೀರಾತಿನಲ್ಲಿ ಏನಾದರೂ ಭವ್ಯವಾದದ್ದು ಪರದೆ ಸರಿಸಿ ಬಂದರೆ ಹಿಂದೆ ಆ ತುತ್ತೂರಿ ಮೊಳಗುತ್ತದೆ. ಕೈಯಿಂದ ಕೈಗೆ ಹೋದ ಈ ಸರಕಿನಲ್ಲಿ ಕೊನೆಯವನಿಗೆ ಮಾತ್ರ ಮೊದಲಿನವರ ಹೆಸರು ಬೇಡವಾಗಿದೆ.

ನಮ್ಮೂರಿನ ಸ್ಥಿತಿಯೂ ಇದೇ. ಒಂದು ಹಿಂದಿ ಸಿನಿಮಾದ ಧಾಟಿ ಹೆಸರು ಮಾಡಿದರೆ ಅದು ಮದುವೆ ಮನೆಯ ಬ್ಯಾರಿ ಪಾಟ್ ಆಗುತ್ತದೆ, ಭಜನೆಯ ಕ್ಯಾಸೆಟ್ ಆಗುತ್ತಿತ್ತು, ಚುನಾವಣೆ ಬಂದರೆ ಮೈಕ್ ಕಟ್ಟಿದ ರಿಕ್ಷಾದಲ್ಲಿ ಅಭ್ಯರ್ಥಿಯ ಗುಣಗಾನವೂ ಆಗುತ್ತದೆ. ದೇವರಿಗೂ ಅಭ್ಯರ್ಥಿಗೂ ಒಂದೇ ಧಾಟಿ! ಪಯಣ ತಿರುಗುಮುಖವೂ ಉಂಟು. ಸೂಫಿ ಸಂತರ ಸ್ತುತಿಯಾದ 'ದಮ್ ಮಸ್ತ್ ಖಲಂದರ್'ನ ಧಾಟಿ 1994ರಲ್ಲಿ 'ಮೊಹ್ರಾ' ಎಂಬ ಹಿಂದಿ ಸಿನಿಮಾದಲ್ಲಿ ಹೆಣ್ಣಿನ ಮೈಮಾಟ ಹೊಗಳುವ ಹಾಡಾಯಿತು. ದರ್ಗಾದಿಂದ ಹೊರಟ ಧಾಟಿ ಎಲ್ಲಿಗೆ ಬಂತೆಂಬುದು ಹೆಚ್ಚಿನ ಕೇಳುಗರಿಗೆ ಗೊತ್ತೇ ಇಲ್ಲ.

2022ರಲ್ಲಿ ಬಂದ 'ಕಾಂತಾರ' ಸಿನಿಮಾದ 'ವರಾಹ ರೂಪಂ' ಹಾಡಿನ ವಿವಾದ ಓದುಗರಿಗೆ ನೆನಪಿರಬಹುದು. ಅದು ತಮ್ಮ 'ನವರಸಂ' ಹಾಡಿಗೆ ತೀರ ಹತ್ತಿರವಾಗಿದೆಯೆಂದು ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ನ್ಯಾಯಾಲಯಕ್ಕೆ ಹೋಯಿತು. ಹೋಲಿಕೆ ರಾಗದ್ದು, ನಕಲಲ್ಲ ಎಂಬುದು ಸಂಗೀತ ನಿರ್ದೇಶಕರ ವಾದ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ರಾಗ ಎಲ್ಲಿ ಮುಗಿಯುತ್ತದೆ, ಹಾಡು ಎಲ್ಲಿ ಆರಂಭವಾಗುತ್ತದೆ ಎಂಬ ಪ್ರಶ್ನೆ ಮನೆಮನೆಯ ಚರ್ಚೆಯಾದದ್ದು ಒಳ್ಳೆಯದೇ ಆಯಿತು. 1978ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಆರ್. ಜಿ. ಆನಂದ್ ಪ್ರಕರಣದಲ್ಲಿ, ಕಲ್ಪನೆಗೆ, ವಿಷಯಕ್ಕೆ, ಕಥಾವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ ಎಂದು ಹೇಳಿದೆ. ನಾವು ಮೇಲೆ ಹೇಳಿದ ರಾಗ-ಹಾಡಿನ ಭೇದವೇ ಇದು.

ಹೆಸರಿಲ್ಲದ ಸಾಲಗಾರರು

ಆದರೆ ಕಾನೂನು ಹೆಸರಿದ್ದವರಿಗೆ ಮಾತ್ರ. ಕಂಪೆನಿ, ತಂಡ, ವಕೀಲರು ಇದ್ದವರು ನ್ಯಾಯಾಲಯಕ್ಕೆ ಹೋಗಬಲ್ಲರು. ನೇಜಿ ನೆಡುತ್ತ ಪಾಡ್ದನ ಹೇಳಿದ ಹೆಂಗಸು ಎಲ್ಲಿಗೆ ಹೋಗಬೇಕು? ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874-1937) ಕೋಟಿ ಚೆನ್ನಯರ ಕಥೆಯನ್ನು ಕನ್ನಡಕ್ಕೆ ತಂದದ್ದು ತುಳು ಪಾಡ್ದನಗಳಿಂದ. ಆಮೇಲೆ ಅದು ನಾಟಕ, ಯಕ್ಷಗಾನ, ಸಿನಿಮಾ ಎಲ್ಲವೂ ಆಯಿತು. ಪಂಜೆಯವರ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಪಾಡ್ದನವನ್ನು ತಲೆಮಾರುಗಳ ಕಾಲ ನಾಲಿಗೆಯಲ್ಲಿ ಕಾಪಾಡಿದವರ ಹೆಸರು ಉಳಿಯಲಿಲ್ಲ. ಮದುವೆಯ ಹಿಂದಿನ ರಾತ್ರಿ ಮದರಂಗಿ ಹಚ್ಚುತ್ತ ಚಪ್ಪಾಳೆ ತಟ್ಟಿ ಹಾಡಿದ ನಮ್ಮ ಬ್ಯಾರಿ ಅಜ್ಜಿಯಂದಿರ ಕಥೆಯೂ ಇದೇ. 2009ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದ ಮೇಲೆ ಈ ಹಾಡುಗಳ ಬಗ್ಗೆ ಗಮನ ಬಂದಿದೆ. ಆದರೂ ಇವತ್ತು ಅದೇ ಹಾಡಿನ ಎರಡು ಸಾಲಿಗೆ ಡ್ರಮ್ ಸೇರಿಸಿ ಮೊಬೈಲಿಗೆ ಬಿಡುವ ಹುಡುಗ ತನ್ನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿಕೊಳ್ಳುತ್ತಾನೆ, ಯಾವ ಅಜ್ಜಿಯಿಂದ ಕೇಳಿದೆನೆಂದು ಹೇಳುವುದಿಲ್ಲ.

ಇದಕ್ಕೆ ಪರಿಹಾರವನ್ನು ಹೊರಗೆಲ್ಲೂ ಹುಡುಕಬೇಕಿಲ್ಲ. ಯಕ್ಷಗಾನ ಪ್ರಸಂಗದ ಪುಸ್ತಕ ತೆರೆದರೆ ಪದ್ಯದ ತಲೆಯ ಮೇಲೆ ರಾಗ, ತಾಳದ ಹೆಸರಿರುತ್ತದೆ. ಹಳೆಯ ನಾಟಕ ಕಂಪೆನಿಗಳ ಹಾಡಿನ ಪುಸ್ತಕದಲ್ಲಿ 'ಇಂಥ ಹಾಡಿನ ಧಾಟಿ' ಎಂದು ಕಂಸದಲ್ಲಿ ಅಚ್ಚು ಹಾಕುತ್ತಿದ್ದರು. 1872ರಲ್ಲಿ ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ಕೊಂಡೋಟ್ಟಿಯ ಮೊಯಿನ್‌ಕುಟ್ಟಿ ವೈದ್ಯರ್ ಅರಬಿ-ಮಲಯಾಳದಲ್ಲಿ ಬದರುಲ್ ಮುನೀರ್ ಮತ್ತು ಹುಸ್ನುಲ್ ಜಮಾಲರ ಪ್ರೇಮಕಾವ್ಯ ಬರೆದರು. ಆ ಮಾಪ್ಪಿಳ ಪರಂಪರೆಯ ಹಾಡಿನ ಪುಸ್ತಕಗಳಲ್ಲೂ ಹಾಡಿನ ಮೇಲೆ ಅದರ 'ಇಶಲ್' ಯಾವುದೆಂದು ಬರೆಯುವ ಪದ್ಧತಿ ಇದೆ. ಇಶಲ್ ಎಂದರೆ ನಮ್ಮ ಮಟ್ಟು. ಕಡಿಮೆ ಓದಿದವರೆಂದು ನಾವು ಭಾವಿಸಿದ ಆ ಹಳೆಯ ಪ್ರಕಾಶಕರು ಒಂದು ಸಾಲಿನಲ್ಲಿ ಇಡೀ ಋಣವನ್ನು ಒಪ್ಪಿಕೊಳ್ಳುತ್ತಿದ್ದರು. ಅದರಿಂದ ಯಾವ ಕವಿಯ ಮರ್ಯಾದೆಯೂ ಕಡಿಮೆಯಾಗಲಿಲ್ಲ.

ಹಾಗಾಗಿ ಯಾವುದೇ ಎರವಲನ್ನು ತೂಗುವಾಗ ಮೂರು ಪ್ರಶ್ನೆ ಕೇಳಿದರೆ ಸಾಕೆಂದು ನಮಗನ್ನಿಸುತ್ತದೆ. ಕೊಟ್ಟವರ ಹೆಸರು ಹೇಳಿದ್ದಾರೆಯೇ? ತಂದದ್ದಕ್ಕೆ ತಮ್ಮದೊಂದು ಪ್ರಶ್ನೆ ಸೇರಿಸಿದ್ದಾರೆಯೇ? ಕೊಟ್ಟವರ ಘನತೆ ಉಳಿದಿದೆಯೇ? ಮೂರಕ್ಕೂ ಹೌದು ಎಂಬ ಉತ್ತರ ಬಂದರೆ ಅದು ಕಳವಲ್ಲ, ಪರಂಪರೆ. ಒಂದಕ್ಕೂ ಬಾರದಿದ್ದರೆ ಕಾನೂನು ಬಿಟ್ಟರೂ ಓದುಗರು, ಕೇಳುಗರು ಬಿಡಬಾರದು.

ನಮ್ಮ ಶಾಲಾ ವಾರ್ಷಿಕೋತ್ಸವ, ಉರೂಸಿನ ಹಾಡುಕೂಟ, ಬಯಲಾಟ, ಕಾಲೇಜಿನ ಕಥಾಸ್ಪರ್ಧೆ, ಎಲ್ಲ ಕಡೆ ನಿರೂಪಕರು ಒಂದು ಸಾಲು ಹೆಚ್ಚು ಹೇಳಲಿ: ಈ ಧಾಟಿ ಇಂಥವರದು, ಈ ಕಥೆಯ ಎಳೆ ಇಂಥಲ್ಲಿಂದ ಬಂದದ್ದು, ಈ ಹಾಡನ್ನು ಇಂಥ ಊರಿನ ಇಂಥ ಅಜ್ಜಿಯಿಂದ ಕೇಳಿದ್ದು. ಸಾಲ ಬರೆದಿಡುವುದು ಸಾಲಗಾರನಿಗೂ ಕೊಟ್ಟವನಿಗೂ ಒಳ್ಳೆಯದೆಂದು ನಮ್ಮ ಧರ್ಮವೂ ಹೇಳಿದೆ, ಬಂಟ್ವಾಳದ ಹಳೆಯ ವರ್ತಕರ ಲೆಕ್ಕದ ಪುಸ್ತಕಗಳೂ ಹೇಳುತ್ತವೆ. ಕಥೆಗೂ ಹಾಡಿಗೂ ಈ ಲೆಕ್ಕ ಬರೆದಿಡಲು ಖರ್ಚೇನೂ ಇಲ್ಲ.